ಉಳಿಸಿದ್ದು ನೀವು, ತೆತ್ತಿದ್ದು ಯಾರು?

ಮಾನ್ಯರೇ,

ಹೆಸರು ಹಾಕಬೇಡಿ ಎಂದು ಬರೆದಿದ್ದೀರಿ, ಹಾಕುವುದಿಲ್ಲ. ನಾಲ್ಕು ಪುಟದ ಪತ್ರ, ಅದೂ ಒಂದು ಬದಿ ಆಗಲೇ ಮುದ್ರಣವಾಗಿದ್ದ ಹಾಳೆಗಳ ಖಾಲಿ ಬೆನ್ನಿನ ಮೇಲೆ. ಅದನ್ನು ನೋಡಿಯೇ ನಿಮ್ಮ ಮೇಲೆ ಅರ್ಧ ಪ್ರೀತಿ ಹುಟ್ಟಿತು. ನಾನೂ ಹಾಗೇ ಮಾಡುವವನು.

ಉಳಿದ ಓದುಗರಿಗೂ ಗೊತ್ತಾಗಲಿ ಅಂತ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮಗಳು ನೆಂಟರ ಎದುರಿಗೆ "ನಮ್ಮಪ್ಪ ಜುಗ್ಗ" ಎಂದುಬಿಟ್ಟಳು. ಅವತ್ತು ರಾತ್ರಿ ನಿಮಗೆ ನಿದ್ದೆ ಬರಲಿಲ್ಲ. ಏಳು ವರ್ಷದಿಂದ ಒಂದೇ ಫೋನ್ ಬಳಸುತ್ತೀರಿ, ಚಪ್ಪಲಿ ಕಿತ್ತರೆ ಹೊಲಿಸಿ ಹಾಕಿಕೊಳ್ಳುತ್ತೀರಿ, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಎದ್ದು ಹೋಗಿ ಆರಿಸುತ್ತೀರಿ, ಸಾಲ ಅಂತ ಯಾರ ಬಾಗಿಲಿಗೂ ಹೋದವರಲ್ಲ. "ಇದು ಮಿತವ್ಯಯ ಅಲ್ವಾ? ಜಿಪುಣತನ ಹೇಗಾಗುತ್ತೆ? ಎರಡರ ನಡುವೆ ಗೆರೆ ಎಲ್ಲಿದೆ, ನೀವೇ ಹೇಳಿ" ಎಂದು ಕೇಳಿದ್ದೀರಿ.

ಈ ಪಟ್ಟಿಯಲ್ಲಿ ಒಂದೂ ಜಿಪುಣತನ ಅಲ್ಲ. ಫೋನು, ಚಪ್ಪಲಿ, ದೀಪ, ಎಲ್ಲ ನಿಮ್ಮ ಪಾಡು. ಆದರೆ ಮೂರನೇ ಪುಟದಲ್ಲಿ, ಬೇರೇನೋ ಹೇಳುವ ಭರದಲ್ಲಿ, ಎರಡು ಸಂಗತಿ ಬಾಯಿಬಿಟ್ಟಿದ್ದೀರಿ. ನಲ್ಲಿ ರಿಪೇರಿಗೆ ಬಂದವನ ಜೊತೆ ಮೊದಲೇ ಇಷ್ಟು ಅಂತ ಮಾತಾಗಿತ್ತು, ಆತ ಅಂದುಕೊಂಡಿದ್ದಕ್ಕಿಂತ ಬೇಗ ಕೆಲಸ ಮುಗಿಸಿದ, "ಅರ್ಧ ಗಂಟೆಯ ಕೆಲಸಕ್ಕೆ ಅಷ್ಟು ಯಾಕೆ" ಎಂದು ಕಾಲು ಭಾಗ ಕಡಿಮೆ ಕೊಟ್ಟು ಕಳಿಸಿದಿರಿ. ಇನ್ನೊಂದು, ಮಗಳ ಗೆಳತಿಯ ಹುಟ್ಟುಹಬ್ಬಕ್ಕೆ ನಿಮಗೆ ಯಾರೋ ಕೊಟ್ಟಿದ್ದ ಪೆನ್ನಿನ ಸೆಟ್ಟಿಗೇ ಹೊಸ ಕಾಗದ ಸುತ್ತಿ ಕೊಟ್ಟಿರಿ, ಒಳಗೆ ನಿಮ್ಮ ಹೆಸರು ಬರೆದ ಚೀಟಿ ಹಾಗೇ ಉಳಿದುಹೋಗಿತ್ತು. "ಮಗಳು ಅವತ್ತು ಯಾಕೋ ಮುಖ ಊದಿಸಿಕೊಂಡಿದ್ದಳು" ಎಂದು ಬರೆದಿದ್ದೀರಿ. ಯಾಕೋ ಅಂತೀರಲ್ಲ ಸಾರ್!

ಗೆರೆ ಅಲ್ಲೇ ಇದೆ. ಎಷ್ಟು ಉಳಿಸಿದಿರಿ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಆ ಉಳಿತಾಯಕ್ಕೆ ತೆತ್ತವರು ಯಾರು ಅಂತ ನೋಡಬೇಕು. ಹಳೇ ಫೋನಿನ ಕಷ್ಟ ನಿಮಗೆ, ಲಾಭವೂ ನಿಮಗೆ, ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ. ನಲ್ಲಿಯವನ ಲೆಕ್ಕದಲ್ಲಿ ಮಾತ್ರ ಉಳಿದದ್ದು ನಿಮ್ಮ ಕಿಸೆಯಲ್ಲಿ, ಹೋದದ್ದು ಅವನ ಕಿಸೆಯಿಂದ. ಇನ್ನು ಆ ಪೆನ್ನಿನ ಸೆಟ್ಟಿಗೆ ತೆತ್ತವಳು ನಿಮ್ಮ ಮಗಳು, ಗೆಳತಿಯರ ಗುಂಪಿನ ನಡುವೆ ನಿಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ನಮ್ಮ ಹಿರಿಯರು ಹೇಳಿದರಲ್ಲ, ಅವರು ಒಂದು ಸಣ್ಣ ವಿಷಯ ಹೇಳದೆ ಬಿಟ್ಟರು: ಅಡಿಕೆ ಒಬ್ಬರಿಗೆ ಸಿಕ್ಕಿ ಮಾನ ಇನ್ನೊಬ್ಬರದು ಹೋಗುವುದೂ ಉಂಟು.

ಚೌಕಾಸಿ ಮಾಡಬಾರದಾ ಅಂತ ಕೇಳಬಹುದು. ಖಂಡಿತ ಮಾಡಿ. ಕೆಲಸಕ್ಕೆ ಮುಂಚೆ ಎಷ್ಟು ಬೇಕಾದರೂ ಎಳೆದಾಡಿ, ಆಗ ಎದುರಿನವನಿಗೆ "ಆಗಲ್ಲ" ಎಂದು ಎದ್ದು ಹೋಗುವ ದಾರಿ ಇರುತ್ತದೆ. ಕೆಲಸ ಮುಗಿದ ಮೇಲೆ ಆ ದಾರಿ ಇರುವುದಿಲ್ಲ. ನಲ್ಲಿ ಆಗಲೇ ಸರಿಯಾಗಿದೆ, ಬಿಚ್ಚಿ ಪುನಃ ಸೋರುವಂತೆ ಮಾಡಿ ಹೋಗಲು ಅವನಿಗೆ ಮನಸ್ಸು ಬರುವುದಿಲ್ಲ, ಜಗಳಕ್ಕೆ ನಿಂತರೆ ಮುಂದಿನ ಕೆಲಸ ತಪ್ಪುತ್ತದೆ, ಅದಕ್ಕೇ ಸುಮ್ನೆ ಕೊಟ್ಟಷ್ಟು ತಗೊಂಡು ಹೋಗುತ್ತಾನೆ. ಅವನು ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಅಂತಲ್ಲ. ಬೇಗ ಮುಗಿಸಿದ ಅಂತ ಕಡಿಮೆ ಕೊಡುವುದಂತೂ ನನಗೆ ಅರ್ಥವೇ ಆಗುವುದಿಲ್ಲ. ಕೆಲಸ ಬರದವನು ಮೂರು ಗಂಟೆ ಒದ್ದಾಡಿದ್ದರೆ ಪೂರ್ತಿ ಕೊಡುತ್ತಿದ್ದಿರಾ?

ನಾನೇನು ದೊಡ್ಡ ಧರ್ಮರಾಯ ಅಂತ ಇದನ್ನೆಲ್ಲ ಬರೆಯುತ್ತಿಲ್ಲ. ಸಂಪಾದಕನಾದ ಹೊಸತರಲ್ಲಿ ಒಬ್ಬ ಚಿತ್ರಕಾರರಿಂದ ಒಂದು ಚಿತ್ರ ಬರೆಸಿ, "ಇಲ್ಲೊಂಚೂರು ಬದಲಾಯಿಸಿ" ಎಂದು ಮೂರು ಸಲ ತಿದ್ದಿಸಿ, ಮೊದಲು ಹೇಳಿದ್ದಷ್ಟೇ ಕೊಟ್ಟೆ. ಅದನ್ನೂ ನಾಲ್ಕು ತಿಂಗಳು ತಡವಾಗಿ. ಪತ್ರಿಕೆಯ ದುಡ್ಡು ಉಳಿಸಿದೆ ಅಂತ ಹೆಮ್ಮೆ ಬೇರೆ. ಗೌರವಧನ ಅಂತ ಅದಕ್ಕೆ ಹೆಸರು. ಅವತ್ತು ಅದರಲ್ಲಿ ಗೌರವವೂ ಇರಲಿಲ್ಲ, ಧನವೂ ಇರಲಿಲ್ಲ. ಅವರು ಮತ್ತೆಂದೂ ನಮಗೆ ಚಿತ್ರ ಬರೆದುಕೊಡಲಿಲ್ಲ. ಕಾರಣವನ್ನೂ ಹೇಳಲಿಲ್ಲ, ಫೋನ್ ಮಾಡಿದಾಗಲೆಲ್ಲ "ಕೆಲಸ ಜಾಸ್ತಿ" ಎನ್ನುತ್ತಿದ್ದರು.

ಈ ವಿಷಯ ಬಂದಾಗಲೆಲ್ಲ ನನಗೆ ಇಬ್ಬರು ನೆನಪಾಗುತ್ತಾರೆ, ಇಬ್ಬರೂ ಅಮೆರಿಕದವರು. ಒಬ್ಬ ಜೆ. ಪಾಲ್ ಗೆಟ್ಟಿ, ಎಣ್ಣೆ ಬಾವಿಗಳ ಕುಬೇರ. ಇಂಗ್ಲೆಂಡಿನ ತನ್ನ ದೊಡ್ಡ ಬಂಗಲೆಯಲ್ಲಿ ಕಾಸು ಹಾಕಿ ಮಾತಾಡುವ ಫೋನ್ ಇಡಿಸಿದ್ದ ಅಂತ ಜಗತ್ತೆಲ್ಲ ನಕ್ಕಿತ್ತು. ಅದಕ್ಕೆ ನಾನು ನಗುವುದಿಲ್ಲ. ಬಂದುಹೋಗುವವರೆಲ್ಲ ದೂರದೂರಿಗೆ ಫೋನ್ ಹಚ್ಚಿ ಬಿಲ್ ಏರಿಸುತ್ತಾರೆ ಎನ್ನುವುದು ಅವನ ತಕರಾರು, ಅದರಲ್ಲಿ ಹುರುಳಿತ್ತು. ಆದರೆ 1973ರಲ್ಲಿ ಅವನ 16 ವರ್ಷದ ಮೊಮ್ಮಗನನ್ನು ರೋಮ್‌ನಲ್ಲಿ ಅಪಹರಿಸಿದರು. ಒಬ್ಬನಿಗೆ ದುಡ್ಡು ಕೊಟ್ಟರೆ ಉಳಿದ ಮೊಮ್ಮಕ್ಕಳನ್ನೂ ಹೊತ್ತುಕೊಂಡು ಹೋಗುತ್ತಾರೆ ಎಂದು ತಾತ ಪಟ್ಟು ಹಿಡಿದ. ಈ ಮಾತನ್ನೂ ಬೇಕಾದರೆ ಒಪ್ಪೋಣ. ತಿಂಗಳುಗಳು ಕಳೆದವು, ಹುಡುಗನ ಕತ್ತರಿಸಿದ ಕಿವಿ ಅಂಚೆಯಲ್ಲಿ ಬಂತು. ಕೊನೆಗೆ ತಾತ ಕೊಟ್ಟದ್ದು ಸುಮಾರು 22 ಲಕ್ಷ ಡಾಲರ್, ಯಾಕೆಂದರೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತಿದ್ದದ್ದು ಅಷ್ಟಕ್ಕೇ. ಅದಕ್ಕೆ ಮೇಲಿನದನ್ನು ಸ್ವಂತ ಮಗನಿಗೆ, ಆ ಹುಡುಗನ ಅಪ್ಪನಿಗೆ, ಸಾಲವಾಗಿ ಕೊಟ್ಟ. ಬಡ್ಡಿ ಶೇಕಡಾ 4. ಆ ಬಡ್ಡಿಯ ಹತ್ತಿರ ಬಂದಾಗ ನನಗೆ ಮಾತು ನಿಂತುಹೋಗುತ್ತದೆ.

ಇನ್ನೊಬ್ಬ ರೊನಾಲ್ಡ್ ರೀಡ್. ವರ್ಮಾಂಟ್ ರಾಜ್ಯದವನು, ಪೆಟ್ರೋಲ್ ಬಂಕಿನಲ್ಲಿ ದುಡಿದು, ಆಮೇಲೆ ಒಂದು ಅಂಗಡಿಯಲ್ಲಿ ಗುಡಿಸಿ ಒರೆಸುವ ಕೆಲಸ ಮಾಡಿದವನು. ಕೋಟಿನ ಗುಂಡಿ ಹೋದರೆ ಪಿನ್ನು ಚುಚ್ಚಿಕೊಳ್ಳುತ್ತಿದ್ದ. ಕಾರು ನಿಲ್ಲಿಸಲು ದುಡ್ಡು ಕೊಡಬೇಕಾಗುತ್ತದೆ ಅಂತ ದೂರದಲ್ಲಿ ನಿಲ್ಲಿಸಿ ನಡೆದು ಬರುತ್ತಿದ್ದ. ಗಮನಿಸಿ, ಸವೆದದ್ದು ಅವನದೇ ಕಾಲು. 2014ರಲ್ಲಿ 92ನೇ ವಯಸ್ಸಿಗೆ ತೀರಿಕೊಂಡಾಗ ಅವನ ಹತ್ತಿರ ಸುಮಾರು 80 ಲಕ್ಷ ಡಾಲರ್ ಇತ್ತು, ಹೆಚ್ಚಿನದು ಷೇರುಗಳಲ್ಲಿ. ಊರಿನ ಆಸ್ಪತ್ರೆಗೆ 48 ಲಕ್ಷ, ಗ್ರಂಥಾಲಯಕ್ಕೆ 12 ಲಕ್ಷ ಬರೆದಿಟ್ಟಿದ್ದ. ದಾನ ಮಾಡಿದ ಅಂತ ಅವನನ್ನು ಹೊಗಳುತ್ತಿಲ್ಲ. ಒಂದು ಕಾಸೂ ಬಿಟ್ಟುಹೋಗದಿದ್ದರೂ ಅವನನ್ನು ಜುಗ್ಗ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲು ಇತ್ತು: "ದುಡ್ಡು ಎಣಿಸಿ ಕೊಡುವಾಗ ಎದೆಯೊಳಗೆ ಏನೋ ಹಿಂಡಿದಂತಾಗುತ್ತದೆ." ಇದನ್ನು ಓದಿ ನನಗೆ ನಿಮ್ಮ ಮೇಲಿದ್ದ ಸಿಟ್ಟು ಇಳಿಯಿತು. ಯಾಕೆಂದರೆ ಅದು ಸುಳ್ಳು ನೋವಲ್ಲ. ಸ್ಕಾಟ್ ರಿಕ್, ಸಿಂಥಿಯಾ ಕ್ರೈಡರ್, ಜಾರ್ಜ್ ಲೋವೆನ್‌ಸ್ಟೀನ್ ಎಂಬ ಮೂವರು ಸಂಶೋಧಕರು 13,000ಕ್ಕೂ ಹೆಚ್ಚು ಜನರನ್ನು ವಿಚಾರಿಸಿ 2008ರಲ್ಲಿ ಇದರ ಬಗ್ಗೆಯೇ ಬರೆದರು. ಮಿತವ್ಯಯದವರಿಗೆ ಉಳಿಸುವುದರಲ್ಲಿ ಖುಷಿ ಇರುತ್ತದೆ. ಬಿಗಿಮುಷ್ಟಿಯವರಿಗೆ ಉಳಿಸುವ ಖುಷಿಗಿಂತ ಕೊಡುವ ಸಂಕಟ ದೊಡ್ಡದು, ಅದಕ್ಕೇ ಮುಷ್ಟಿ ಬಿಗಿಯುತ್ತದೆ. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ, ಒಳಗೆ ಒಬ್ಬ ನಗುತ್ತಿರುತ್ತಾನೆ, ಇನ್ನೊಬ್ಬ ನರಳುತ್ತಿರುತ್ತಾನೆ. ತಮಾಷೆ ಏನೆಂದರೆ, ಅದೇ ಶುಲ್ಕವನ್ನು "ಸಣ್ಣ ಶುಲ್ಕ" ಎಂದು ಹೇಳಿದರೆ ಸಾಕು, ಬಿಗಿಮುಷ್ಟಿಯವರು ಕೊಡಲು ಒಪ್ಪುವುದು ಹೆಚ್ಚಾಯಿತಂತೆ. ಅಂದರೆ ಆ ನೋವಿಗೂ ಕಿಸೆಯಲ್ಲಿ ಎಷ್ಟಿದೆ ಅನ್ನುವುದಕ್ಕೂ ಅಂಥ ನಂಟೇನೂ ಇಲ್ಲ.

ಈ ನೋವು ಇರುವವರು ಬೇರೆಯವರನ್ನು ಮಾತ್ರ ಅಲ್ಲ, ತಮ್ಮನ್ನೂ ಬಿಡುವುದಿಲ್ಲ. ಹಲ್ಲು ನೋವನ್ನು ಆರು ತಿಂಗಳು ತಡೆದುಕೊಂಡೆ ಎಂದು ನೀವು ಬರೆದಿದ್ದೀರಿ, ಅದೂ ಸಾಧನೆ ಎನ್ನುವ ಹಾಗೆ. ತುಂಬುವುದರಲ್ಲಿ ಮುಗಿಯುತ್ತಿದ್ದ ಹಲ್ಲು ಕೊನೆಗೆ ಕೀಳಿಸಬೇಕಾಯಿತು. ಇಲ್ಲಿ ತೆತ್ತವರು ನೀವೇ ಆದ್ದರಿಂದ ಜುಗ್ಗತನ ಅನ್ನಲಾರೆ, ಆದರೆ ಲೆಕ್ಕ ಮಾತ್ರ ಪೂರಾ ತಪ್ಪು.

ದುಡ್ಡು ಇಲ್ಲದಿರುವುದು ಬೇರೆಯೇ ಮಾತು, ಅದನ್ನು ಇದಕ್ಕೆ ಸೇರಿಸಬೇಡಿ. ಕೈಯಲ್ಲಿ ಇಲ್ಲದವನು "ನನ್ನ ಹತ್ತಿರ ಇಷ್ಟೇ ಇರೋದು" ಎಂದು ಮೊದಲೇ ಹೇಳಿದರೆ ಯಾರೂ ಅವನನ್ನು ಜಿಪುಣ ಎನ್ನುವುದಿಲ್ಲ, ಎಂದರೆ ಅಂದವರ ಬಾಯಿ ಕೆಟ್ಟದ್ದು.

ಈಗ ಮಾಡಬೇಕಾದ್ದು. ಆ ನಲ್ಲಿಯವನ ನಂಬರ್ ನಿಮ್ಮ ಏಳು ವರ್ಷದ ಫೋನಿನಲ್ಲಿ ಇದ್ದೇ ಇರುತ್ತದೆ. ಬಾಕಿ ಕಳಿಸಿಬಿಡಿ, ಉಪನ್ಯಾಸ ಬೇಡ, "ಅವತ್ತಿನದು" ಎಂದರೆ ಸಾಕು. ಮಗಳ ಹತ್ತಿರ ಫೋನು, ಚಪ್ಪಲಿ, ದೀಪದ ಬಗ್ಗೆ ವಾದ ಮಾಡಬೇಡಿ, ಅವಳಿಗೆ ಅದರ ಮೇಲೆ ಸಿಟ್ಟಿದೆ ಅಂತ ನನಗೆ ಅನ್ನಿಸುವುದಿಲ್ಲ. ಆ ಚೀಟಿ ಬಿಚ್ಚಿದಾಗ ಗೆಳತಿಯರು ಏನಂದರು ಅಂತ ಕೇಳಿ. ಉತ್ತರ ಮುಗಿಯುವವರೆಗೂ ನಡುವೆ ಬಾಯಿ ಹಾಕಬೇಡಿ.

ಕೊನೆಗೊಂದು ಮಾತು. "ನಿಮ್ಮ ಪತ್ರಿಕೆಯನ್ನು ಕೊಳ್ಳುವುದಿಲ್ಲ, ಪಕ್ಕದ ಮನೆಯಿಂದ ತಂದು ಓದುತ್ತೇನೆ, ಬೇಜಾರಿಲ್ಲ ತಾನೆ" ಎಂದು ಕೇಳಿದ್ದೀರಿ. ಒಂದು ಪ್ರತಿಯನ್ನು ಎರಡು ಮನೆಯವರು ಓದಿದರೆ ನನಗೆ ಸಂತೋಷವೇ. ಅವರು ಓದಿ ಮುಗಿಸಿದ ಮೇಲೆ ತರುತ್ತೀರೋ, ಅದಕ್ಕೆ ಮುಂಚೆಯೋ, ಅಷ್ಟು ಮಾತ್ರ ಮುಂದಿನ ಪತ್ರದಲ್ಲಿ ತಿಳಿಸಿ.

ಇತಿ,
ಸಂಪಾದಕ