ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿಗೆ ಹೊರಗಿನ ಕ್ರೂಸ್ ಕಂಟ್ರೋಲ್ (ಸ್ಪೀಡನ್ನು ತಾನೇ ಒಂದೇ ಸಮ ಹಿಡಿಯುವ ಸಾಧನ) ಹಾಕಿಸಿದ್ದೇನೆ, ಸ್ಪೀಡು ಒಂದೇ ಸಮ ನಿಲ್ಲುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರು–ಹುಬ್ಬಳ್ಳಿ ಓಡಾಟದಲ್ಲಿ ಬಲಗೈ ಜೋಮು ಹಿಡಿಯುತ್ತದೆ ಅಂತ ಅಮೆರಿಕದಿಂದ ಕಾರಿನ ಎಲೆಕ್ಟ್ರಿಕ್ ಸರ್ವೋ (ಥ್ರಾಟಲ್, ಅಂದರೆ ಆಕ್ಸಿಲರೇಟರ್ ಎಳೆಯುವ ಮೋಟಾರು) ಕಿಟ್ ತರಿಸಿ, ಬಿಎಸ್6 ಹಿಮಾಲಯನ್‌ಗೆ ಕೂರಿಸಿದ್ದೀರಿ. ಮೊದಲು ಸೆಟ್ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಕಿಟ್‌ನ ಬ್ರೇಕ್ ವೈರನ್ನು ನೇರವಾಗಿ ಬಾಡಿ ಅರ್ಥ್‌ಗೆ ಕೊಟ್ಟ ಮೇಲೆ ಹಿಡಿಯಲು ಶುರುವಾಯಿತು, ಆದರೆ ಸ್ಪೀಡು ಮೇಲೆ ಕೆಳಗೆ ಹೋಗುತ್ತಿದೆ. ಸರಿಮಾಡಲಾ, ಕಿತ್ತು ಹಾಕಿ ಥ್ರಾಟಲ್ ಲಾಕ್ (ಗ್ರಿಪ್ ತಿರುಗದ ಹಾಗೆ ಹಿಡಿಯುವ ಸಾಧನ) ಹಾಕಿಸಲಾ ಅಂತ ಕೇಳಿದ್ದೀರಿ.

ಸರಿಮಾಡಬಹುದು. ಸ್ಪೀಡಿನ ವಿಷಯ ಆಮೇಲೆ. ಮೊದಲು ಆ ಅರ್ಥ್ ವೈರ್ ಬಿಚ್ಚಿ. ಬಿಚ್ಚುವವರೆಗೂ ಕ್ರೂಸ್ ಸ್ವಿಚ್ ಮುಟ್ಟಲೇಬೇಡಿ.

ಯಾಕೆ ಅಂತ ಹೇಳುತ್ತೇನೆ. ಆ ವೈರ್ ಸೇರಬೇಕಾದ ಜಾಗ ಬ್ರೇಕ್ ಸ್ವಿಚ್‌ನಿಂದ ಬ್ರೇಕ್ ಲೈಟಿಗೆ ಹೋಗುವ ಲೈನ್. ಬ್ರೇಕ್ ಒತ್ತಿದರೆ ಅಲ್ಲಿ 12 ವೋಲ್ಟ್ ಬರುತ್ತದೆ, ಕಿಟ್‌ನ ಮಾಡ್ಯೂಲ್ (ಸರ್ವೋವನ್ನು ನಡೆಸುವ ಎಲೆಕ್ಟ್ರಾನಿಕ್ ಭಾಗ) ಅದನ್ನು ನೋಡಿ ಥ್ರಾಟಲ್ ಬಿಡುತ್ತದೆ. ಒತ್ತದೆ ಇದ್ದಾಗ ಆ ಲೈನ್ ಬಲ್ಬಿನ ಫಿಲಮೆಂಟ್ ಮೂಲಕ ಅರ್ಥ್ ಆಗಿರುತ್ತದೆ. ತಣ್ಣಗಿನ ಫಿಲಮೆಂಟಿನ ರೆಸಿಸ್ಟೆನ್ಸ್ ತುಂಬ ಕಡಿಮೆ, ಹಾಗಾಗಿ ಮಾಡ್ಯೂಲಿಗೆ ಅದು ಅರ್ಥ್ ತರಹವೇ ಕಾಣುತ್ತದೆ. ಅದನ್ನು ನೋಡಿಯೇ ‘ವೈರ್ ಸರಿ ಇದೆ, ಬ್ರೇಕ್ ಒತ್ತಿಲ್ಲ’ ಅಂತ ಅದು ತಿಳಿಯುವುದು. ಹಿಮಾಲಯನ್‌ನ ಟೇಲ್ ಲೈಟ್ ಎಲ್‌ಇಡಿ. ಸಣ್ಣ ವೋಲ್ಟೇಜಿಗೆ ಎಲ್‌ಇಡಿ ಕರೆಂಟ್ ಬಿಡುವುದೇ ಇಲ್ಲ. ಮಾಡ್ಯೂಲ್ ಕಣ್ಣಿಗೆ ವೈರ್ ಕಟ್ ಆದ ಹಾಗೆ ಕಾಣುತ್ತದೆ, ಸೆಟ್ ಆಗಲು ಒಪ್ಪುವುದಿಲ್ಲ. ನಿಮ್ಮ ಕಿಟ್ ಕೆಟ್ಟಿರಲಿಲ್ಲ. ಅದು ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಈಗ ವೈರನ್ನು ನೇರ ಅರ್ಥ್‌ಗೆ ಕೊಟ್ಟರೆ ಮಾಡ್ಯೂಲಿಗೆ ಬ್ರೇಕ್ ಯಾವತ್ತೂ ಒತ್ತಿದ ಹಾಗೆ ಕಾಣುವುದಿಲ್ಲ. ಸಿರಾ ಹತ್ತಿರ 80ರಲ್ಲಿ ಹೋಗುವಾಗ ಎದುರಿಗೆ ಎಮ್ಮೆ ಬಂತು ಅಂತಿಟ್ಟುಕೊಳ್ಳಿ. ನೀವು ಬ್ರೇಕ್ ಹಿಡಿಯುತ್ತೀರಿ, ಸ್ಪೀಡು ಇಳಿಯುತ್ತದೆ, ಸರ್ವೋ ಸ್ಪೀಡು ಇಳಿಯಿತಲ್ಲಾ ಅಂತ ಇನ್ನಷ್ಟು ಥ್ರಾಟಲ್ ಎಳೆಯುತ್ತದೆ. ಆಫ್ ಬಟನ್ ಒತ್ತುವ ನೆನಪು ಆ ಹೊತ್ತಿನಲ್ಲಿ ಯಾರಿಗೂ ಬರುವುದಿಲ್ಲ.

ಇದಕ್ಕೆ ಸಾಮಾನ್ಯವಾಗಿ ಹೇಳುವ ಪರಿಹಾರ ಐದು ಪಿನ್ನಿನ ರಿಲೇ (ಕರೆಂಟ್ ಬಂದರೆ ಒಳಗೆ ಸಂಪರ್ಕ ಬದಲಿಸುವ ಸ್ವಿಚ್). ಅದರ ಪಿನ್ ನಂಬರ್ 86ನ್ನು ಬ್ರೇಕ್ ಲೈಟ್ ವೈರಿಗೆ, 85ನ್ನು ಅರ್ಥ್‌ಗೆ, 30ನ್ನು ಕಿಟ್‌ನ ಬ್ರೇಕ್ ವೈರಿಗೆ, 87ಎ ಅರ್ಥ್‌ಗೆ, 87 ಅನ್ನು 12 ವೋಲ್ಟಿಗೆ. ಕೆಲಸ ಮಾಡುತ್ತದೆ. ಆದರೆ ನನಗೆ ಇದು ಇಷ್ಟವಿಲ್ಲ. 86ರ ವೈರ್ ಅಲುಗಾಡಿ ಬಿಚ್ಚಿಕೊಂಡರೆ ರಿಲೇ ಮೇಲಕ್ಕೆ ಎಳೆಯುವುದೇ ಇಲ್ಲ, ಮಾಡ್ಯೂಲಿಗೆ ಮತ್ತೆ ಬರೀ ಅರ್ಥ್ ಕಾಣುತ್ತದೆ. ಅಂದರೆ ನಿಮ್ಮ ಮೆಕ್ಯಾನಿಕ್ ಮಾಡಿದ ಕೆಲಸವೇ ತನ್ನಿಂದ ತಾನೇ ಆಗಿಬಿಡುತ್ತದೆ, ಅದೂ ನಿಮಗೆ ಗೊತ್ತಾಗದ ಹಾಗೆ. ಒಂದೇ ಸಿಲಿಂಡರಿನ ಗಾಡಿಯಲ್ಲಿ ವೈರ್ ಬಿಚ್ಚುವುದು ಎಷ್ಟು ಸಲೀಸು ಅಂತ ಹಿಮಾಲಯನ್ ಓಡಿಸುವವರಿಗೆ ನಾನು ಹೇಳಬೇಕಿಲ್ಲ.

ನಾನು ನನ್ನ 411ರಲ್ಲಿ ಮಾಡಿಕೊಂಡಿದ್ದು ಇನ್ನೂ ಸರಳ. ಬ್ರೇಕ್ ಲೈಟ್‌ನ ಹತ್ತಿರ, ಅದಕ್ಕೆ ಪ್ಯಾರಲಲ್ ಆಗಿ 5 ವ್ಯಾಟಿನ ಒಂದು ಹಳೇ ಕಾಲದ ಫಿಲಮೆಂಟ್ ಬಲ್ಬ್, ರಬ್ಬರ್ ಹೋಲ್ಡರ್‌ನಲ್ಲಿ. ಸೀಟಿನ ಕೆಳಗೆ, ಪ್ಲಾಸ್ಟಿಕ್ಕಿಗೆ ತಾಗದ ಹಾಗೆ ಕಟ್ಟಿದ್ದೇನೆ, ಏಕೆಂದರೆ ಬಲ್ಬ್ ಬಿಸಿಯಾಗುತ್ತದೆ. ಮಾಡ್ಯೂಲಿಗೆ ಬೇಕಾದ ಫಿಲಮೆಂಟ್ ಸಿಕ್ಕಿತು. ಬಲ್ಬ್ ಸುಟ್ಟರೆ, ವೈರ್ ಕಿತ್ತರೆ ಕ್ರೂಸ್ ಸೆಟ್ ಆಗುವುದಿಲ್ಲ, ಅಷ್ಟೇ. ಕೆಟ್ಟರೆ ಬಿಡುವ ಕಡೆಗೆ ಕೆಡಬೇಕು, ಹಿಡಿಯುವ ಕಡೆಗಲ್ಲ. ಕಿಟ್‌ನ ಯಾವ ವೈರ್ ಕೂರಿಸುವಾಗಲೂ ನಾನು ನೋಡುವುದು ಇದೊಂದೇ.

ಬಲ್ಬ್ ಹಾಕಿದ ಮೇಲೆ ಮಲ್ಟಿಮೀಟರ್ ಹಿಡಿಯಿರಿ. ಕಿಟ್‌ನ ಬ್ರೇಕ್ ವೈರನ್ನು ಮಾಡ್ಯೂಲ್ ಕಡೆಯಿಂದ ಬಿಚ್ಚಿ, ವೈರಿನ ತುದಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಓಮ್ಸ್ ನೋಡಿ. ಬ್ರೇಕ್ ಬಿಟ್ಟಿರುವಾಗ ಕೆಲವೇ ಓಮ್ಸ್ ಬರಬೇಕು. ಆಮೇಲೆ ಮೀಟರನ್ನು ವೋಲ್ಟಿಗೆ ತಿರುಗಿಸಿ, ಕೀ ಆನ್ ಮಾಡಿ. ಮುಂದಿನ ಬ್ರೇಕ್ ಲಿವರನ್ನು ಬೆರಳಲ್ಲಿ ಸುಮ್ನೆ ತಾಗಿಸಿದರೆ ಸಾಕು, 12 ಬರಬೇಕು. ಹಿಂದಿನ ಬ್ರೇಕ್ ಬೇರೆಯಾಗಿ ನೋಡಿ. ತುಂಬ ಗಾಡಿಗಳಲ್ಲಿ ಹಿಂದಿನ ಪೆಡಲ್ ಅರ್ಧ ತುಳಿದ ಮೇಲೆ ಲೈಟ್ ಹತ್ತುತ್ತದೆ. ಕ್ರೂಸ್ ಇರುವ ಗಾಡಿಗೆ ಅದು ಆಗದು. ಪೆಡಲಿನ ಮೇಲೆ ಕಾಲು ಇಟ್ಟ ತಕ್ಷಣ ಹತ್ತುವ ಹಾಗೆ ಸರಿಮಾಡಿಸಿ. ಹಾಗಂತ ತೀರ ಬಿಗಿ ಮಾಡಿದರೆ ಹೆದ್ದಾರಿಯ ರಂಬಲ್ ಸ್ಟ್ರಿಪ್ ಮೇಲೆ ಲೈಟ್ ಮಿಣಮಿಣ ಅಂದು ಕ್ರೂಸ್ ಬಿಟ್ಟುಹೋಗುತ್ತದೆ. ‘ಹಳ್ಳ ಬಂದಾಗೆಲ್ಲ ಕಟ್ ಆಗುತ್ತೆ’ ಅನ್ನುವವರಲ್ಲಿ ಸುಮಾರು ಜನರ ಸಮಸ್ಯೆ ಇಷ್ಟೇ.

ಇನ್ನು ಕ್ಲಚ್. ಕಾರಿನ ಕಿಟ್‌ಗಳು ಇಂಜಿನ್ ಆರ್‌ಪಿಎಂ ದಿಢೀರನೆ ಏರಿದರೆ ಕ್ಲಚ್ ಒತ್ತಿದ್ದಾರೆ ಅಂತ ಊಹಿಸಿ ಬಿಡುತ್ತವೆ. ಅದಕ್ಕೆ ಇಗ್ನಿಷನ್ ಕಾಯಿಲ್‌ನಿಂದ ಒಂದು ಸಿಗ್ನಲ್ ವೈರ್ ಎಳೆಯಬೇಕು. ಒಂದೇ ಸಿಲಿಂಡರಿನಲ್ಲಿ ಈ ಸಿಗ್ನಲ್ ಬಹಳ ಗಲೀಜು. ಸಾಲದ್ದಕ್ಕೆ ಕೆಲವು ಇಂಜಿನ್‌ಗಳಲ್ಲಿ ಪ್ರತಿ ಸುತ್ತಿಗೂ ಸ್ಪಾರ್ಕ್ ಬರುತ್ತದೆ, ಕೆಲವುದರಲ್ಲಿ ಎರಡು ಸುತ್ತಿಗೊಮ್ಮೆ. ಕಿಟ್‌ನ ಸೆಟ್ಟಿಂಗ್ ಇದಕ್ಕೆ ಹೊಂದದೆ ಇದ್ದರೆ ಒಂದು ನಿರ್ದಿಷ್ಟ ಸ್ಪೀಡಿನಲ್ಲಿ ಸುಮ್ಮಸುಮ್ಮನೆ ಬಿಟ್ಟುಹೋಗುತ್ತದೆ. ನನ್ನ ಸಲಹೆ: ಆ ಸಿಗ್ನಲನ್ನೇ ನಂಬಿಕೊಳ್ಳದೆ ಕ್ಲಚ್ ಲಿವರಿನಲ್ಲೂ ಒಂದು ಸ್ವಿಚ್ ಇಟ್ಟು, ಲಿವರ್ ಎಳೆದರೆ ಕ್ರೂಸ್‌ನ ಪವರ್ ಕಟ್ ಆಗುವ ಹಾಗೆ ಮಾಡಿ. ಕಿಟ್‌ಗೆ ಪವರ್ ಕೊಡುವ ವೈರನ್ನು ಕಿಲ್ ಸ್ವಿಚ್ ಆದ ಮೇಲಿನ ಲೈನಿನಿಂದ ತೆಗೆದುಕೊಳ್ಳಿ. ಕೆಂಪು ಸ್ವಿಚ್ ಒತ್ತಿದರೆ ಇಂಜಿನ್ನೂ ಸರ್ವೋನೂ ಒಟ್ಟಿಗೆ ಸಾಯಬೇಕು.

ಈಗ ಸ್ಪೀಡು ಏರಿಳಿಯುವ ವಿಷಯ. ಕ್ರೂಸ್ ಕಂಟ್ರೋಲ್ ಹುಟ್ಟಿದ್ದೇ ಈ ತೊಂದರೆಯಿಂದ ಅಂತ ಒಂದು ಕಥೆ ಇದೆ. ಅದನ್ನು ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ವಕೀಲರು ಕಾರು ಓಡಿಸುತ್ತಾ ಮಾತಾಡುವಾಗ ನಿಧಾನ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದರಂತೆ, ಆ ಎಳೆದಾಟ ತಾಳದೆ ಈ ಸಾಧನ ಮಾಡಿದರಂತೆ. 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಅದು ಬಂತು. ನಿಮ್ಮ ಸರ್ವೋ ಈಗ ಆ ವಕೀಲರ ಹಾಗೆ ಓಡಿಸುತ್ತಿದೆ.

ಕಿಟ್‌ನ ಸ್ವಿಚ್ ಮುಟ್ಟುವ ಮೊದಲು ಚೈನ್ ನೋಡಿ. ಸಡಿಲ ಚೈನ್ ಇದ್ದರೆ ಸರ್ವೋ ಸ್ವಲ್ಪ ಎಳೆದಾಗ ಗಾಡಿ ಜಗ್ಗುತ್ತದೆ, ಬಿಟ್ಟಾಗ ತಡೆಯುತ್ತದೆ, ಯಾವ ಸೆಟ್ಟಿಂಗಿನಿಂದಲೂ ಅದು ಸರಿಹೋಗದು. ಆಮೇಲೆ ಥ್ರಾಟಲ್ ಕೇಬಲ್. ಒಣಗಿ ಬಿಗಿಯಾದ ಕೇಬಲ್ ಅಂಟಿಕೊಂಡು ಅಂಟಿಕೊಂಡು ಚಲಿಸುತ್ತದೆ. ಹಳೆಯದಾದರೆ ಹೊಸದು ಹಾಕಿ. ಇಷ್ಟು ಮಾಡಿದರೆ ಅರ್ಧ ಏರಿಳಿತ ಹೋಗುತ್ತದೆ.

ಮೂರನೆಯದು ಸರ್ವೋ ಕೇಬಲ್ ಥ್ರಾಟಲ್ ಬಾಡಿಗೆ ಸೇರುವ ಜಾಗ. ಅಲ್ಲಿ ಎರಡು ಮೂರು ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಇರಬೇಕು. ಪ್ಲೇ ಇಲ್ಲದಿದ್ದರೆ ಥ್ರಾಟಲ್ ಪೂರ್ತಿ ಮುಚ್ಚುವುದಿಲ್ಲ, ಐಡಲ್ ಏರುತ್ತದೆ. ಜಾಸ್ತಿ ಇದ್ದರೆ ಸೆಟ್ ಒತ್ತಿದ ಕ್ಷಣ ಸ್ಪೀಡು ಐದಾರು ಕಿಲೋಮೀಟರ್ ಬೀಳುತ್ತದೆ, ಮಾಡ್ಯೂಲ್ ಗಾಬರಿಬಿದ್ದು ಎಳೆಯುತ್ತದೆ, ಅಲ್ಲಿಂದ ಎಳೆದಾಟ ಶುರು. ಕಿಟ್ ಜೊತೆ ಬರುವ ಮಣಿ ಸರಪಳಿಯಲ್ಲಿ ಒಂದೊಂದೇ ಮಣಿ ಕಮ್ಮಿ ಮಾಡುತ್ತಾ ಹೋಗಿ. ಇಂಜಿನ್ ಆಫ್ ಇಟ್ಟುಕೊಂಡು ಗ್ರಿಪ್ ಪೂರ್ತಿ ತಿರುಗಿಸಿ ಕೈ ಬಿಡಿ, ಟಪ್ ಅಂತ ಮುಚ್ಚುವ ಶಬ್ದ ಕೇಳಿಸಬೇಕು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿಯೂ ಹೀಗೇ ನೋಡಿ. ಸರ್ವೋ ಡಬ್ಬಿ ಎಡಗಡೆ ಇರಲಿ, ಬಲಗಡೆ ಸೈಲೆನ್ಸರ್ ಬಿಸಿ. ಕೇಬಲ್ ಉದ್ದ ಸಾಲದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಅಳತೆ ಕೊಟ್ಟು ಮಾಡಿಸಬಹುದು. ಎಲ್ಲೂ ಚೂಪಾಗಿ ಬಗ್ಗಿಸಬೇಡಿ.

ನಾಲ್ಕನೆಯದು ಸ್ಪೀಡ್ ಸಿಗ್ನಲ್. ಚಕ್ರಕ್ಕೆ ಅಂಟಿಸಿದ ಅಯಸ್ಕಾಂತ ಸೆನ್ಸರ್ ಮುಂದೆ ಹಾಯ್ದಾಗೆಲ್ಲ ಮಾಡ್ಯೂಲಿಗೆ ಒಂದು ಪಲ್ಸ್ ಹೋಗುತ್ತದೆ, ಅದನ್ನು ಎಣಿಸಿಯೇ ಅದು ಸ್ಪೀಡು ತಿಳಿಯುವುದು. ನಿಮ್ಮಲ್ಲಿ ಎಷ್ಟು ಅಯಸ್ಕಾಂತ ಅಂಟಿಸಿದ್ದಾರೆ ಅಂತ ನೀವು ಬರೆದಿಲ್ಲ, ಒಂದೇ ಇರಬಹುದು ಅಂತ ನನ್ನ ಊಹೆ. ಲೆಕ್ಕ ನೋಡಿ. ಹಿಂದಿನ ಟೈರ್ 120/90-17. ವ್ಯಾಸ ಸುಮಾರು 648 ಮಿ.ಮೀ., ಒಂದು ಸುತ್ತಿಗೆ ಸುಮಾರು 2.03 ಮೀಟರ್. ಅಮೆರಿಕದ ಕಿಟ್ ಲೆಕ್ಕ ಹಾಕುವುದು ಮೈಲಿಯಲ್ಲಿ. 1,609 ಮೀಟರಿಗೆ ಸುಮಾರು 790 ಸುತ್ತು. ಒಂದು ಅಯಸ್ಕಾಂತ ಇದ್ದರೆ ಮೈಲಿಗೆ 790 ಪಲ್ಸ್, ನಾಲ್ಕಿದ್ದರೆ 3,160. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ 11 ಸುತ್ತು ಹೊಡೆಯುತ್ತದೆ. ಸೆಕೆಂಡಿಗೆ 11 ಪಲ್ಸಿನಲ್ಲಿ ಮಾಡ್ಯೂಲಿಗೆ ಸಣ್ಣ ಬದಲಾವಣೆ ತಿಳಿಯುವುದೇ ತಡ, ತಿಳಿದ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಎಳೆಯುತ್ತದೆ. ನಾಲ್ಕು ಅಂಟಿಸಿ, ಸಮ ಅಂತರದಲ್ಲಿ. ಆಮೇಲೆ ಕಿಟ್‌ನ ಸಣ್ಣ ಸ್ವಿಚ್‌ಗಳಲ್ಲಿ ಆ ಸಂಖ್ಯೆಗೆ ಹತ್ತಿರದ ಸೆಟ್ಟಿಂಗ್ ಆರಿಸಿ.

ಅಂಟಿಸುವುದು ಸ್ಪ್ರಾಕೆಟ್ ಕಡೆಯ ಬೋಲ್ಟುಗಳ ಮೇಲೆ, ಎಪಾಕ್ಸಿ ಹಾಕಿ. ಡಿಸ್ಕ್ ಕಡೆ ಬೇಡ. ಸಾಮಾನ್ಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ, ಘಾಟಿ ಇಳಿಯುವಾಗ ಡಿಸ್ಕ್ ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮುಂದಿನ ಚಕ್ರವೂ ಬೇಡ. ನೀರು ನಿಂತ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿ ಸುತ್ತಿದರೆ ಮುಂದಿನ ಚಕ್ರದ ಸೆನ್ಸರಿಗೆ ಅದು ಗೊತ್ತಾಗುವುದಿಲ್ಲ. ಎಬಿಎಸ್ ಸೆನ್ಸರ್ ವೈರಿನಿಂದ ಸಿಗ್ನಲ್ ಕದಿಯೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಮಾಡ್ಯೂಲ್‌ನ ಪರೀಕ್ಷೆ ಲೈಟ್ ಪ್ರತಿ ಅಯಸ್ಕಾಂತಕ್ಕೂ ಮಿನುಗುತ್ತದಾ ನೋಡಿ. ಸ್ಟ್ಯಾಂಡ್ ಮೇಲೆ ಇಂಜಿನ್ ಓಡಿಸಿ ಕ್ರೂಸ್ ಸೆಟ್ ಮಾತ್ರ ಮಾಡಬೇಡಿ. ಭಾರ ಇಲ್ಲದ ಚಕ್ರಕ್ಕೆ ಸರ್ವೋ ಸ್ವಲ್ಪ ಎಳೆದರೂ ಇಂಜಿನ್ ಕಿರುಚಿಕೊಳ್ಳುತ್ತದೆ.

ಇದೆಲ್ಲ ಆದ ಮೇಲೂ ಎಳೆದಾಟ ಉಳಿದಿದ್ದರೆ ಆಗ ಕಿಟ್‌ನ ಗೇನ್ (ಸರ್ವೋ ಎಷ್ಟು ಜೋರಾಗಿ ಎಳೆಯಬೇಕು ಅನ್ನುವ ಸೆಟ್ಟಿಂಗ್) ಒಂದು ಮೆಟ್ಟಿಲು ಇಳಿಸಿ. ಇಳಿಸಿದರೆ ಏರಿನಲ್ಲಿ ಎರಡು ಮೂರು ಕಿಲೋಮೀಟರ್ ಬೀಳುತ್ತದೆ. ಬೀಳಲಿ ಬಿಡಿ.

ಥ್ರಾಟಲ್ ಲಾಕ್ ವಿಷಯ. ಅದು ಗ್ರಿಪ್ಪನ್ನು ಇದ್ದಲ್ಲೇ ಹಿಡಿಯುತ್ತದೆ, ಸ್ಪೀಡನ್ನಲ್ಲ. ಚಿತ್ರದುರ್ಗದ ಗಾಳಿಗಿರಣಿ ಕಾಣುವ ಕಡೆ ಎದುರುಗಾಳಿ ಹೊಡೆದರೆ 80 ಇದ್ದದ್ದು 70ಕ್ಕೆ ಬರುತ್ತದೆ, ಇಳಿಜಾರಿನಲ್ಲಿ 90 ದಾಟುತ್ತದೆ. ಆದರೆ ನೂರಾರು ಕಿಲೋಮೀಟರಿನಲ್ಲಿ ಆಗಾಗ ಒಂದೆರಡು ನಿಮಿಷ ಕೈ ಕೊಡವಿಕೊಳ್ಳಲು ಇಷ್ಟೇ ಸಾಕು ಅನ್ನುವವರು ತುಂಬ ಜನ. ಕೈಯಿಂದ ತಿರುಗಿಸಿದರೆ ಜಾರಿಕೊಡುವ ಥರದ್ದನ್ನೇ ತೆಗೆದುಕೊಳ್ಳಿ. ಅಂಗೈ ಊರುವ ಪ್ಲಾಸ್ಟಿಕ್ ಪಟ್ಟಿ ಕೆಲವೇ ನೂರು ರೂಪಾಯಿಗೆ ಬರುತ್ತದೆ, ಆದರೆ ಟ್ರಾಫಿಕ್‌ನಲ್ಲಿ ಗೊತ್ತಿಲ್ಲದೆ ತಾಗಿ ಥ್ರಾಟಲ್ ಏರುವುದುಂಟು. ಜೋಮು ಹಿಡಿಯುವುದು ವೈಬ್ರೇಷನ್‌ನಿಂದಲೂ ಇರಬಹುದು, ಅದಕ್ಕೆ ಕ್ರೂಸ್ ಏನೂ ಮಾಡದು. ದಪ್ಪ ಗ್ರಿಪ್ ಒಮ್ಮೆ ಹಾಕಿ ನೋಡಿ.

ಹಿಮಾಲಯನ್ 450, ಟ್ರಯಂಫ್ ಸ್ಪೀಡ್ 400 ಇರುವವರಿಗೆ ಈ ಕೇಬಲ್ ತಲೆನೋವೇ ಇಲ್ಲ. ಅವು ರೈಡ್-ಬೈ-ವೈರ್ (ಥ್ರಾಟಲ್ ಕೇಬಲ್ ಬದಲು ವೈರಿನ ಸಿಗ್ನಲ್), ಗ್ರಿಪ್ ಸೆನ್ಸರ್ ಮತ್ತು ಇಸಿಯು (ಇಂಜಿನ್‌ನ ಕಂಪ್ಯೂಟರ್) ನಡುವೆ ಮಾಡ್ಯೂಲ್ ಕೂರುತ್ತದೆ. ಅವರು ನನ್ನ ಈ ಉತ್ತರ ನೋಡಿ ವೈರ್ ಕತ್ತರಿಸಬೇಡಿ.

ಎಲ್ಲಿ ಬಳಸಬೇಕು ಅನ್ನುವುದು ನಿಮಗೂ ಗೊತ್ತು. ನಾಲ್ಕು ಲೇನ್ ಹೆದ್ದಾರಿಯಲ್ಲಿ ಬೈಕಿಗೆ ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಗರಿಷ್ಠ ವೇಗ 80. 411ಗೂ ಅದೇ ಹಿತವಾದ ವೇಗ. ಮಳೆ, ಘಾಟಿ, ಕಬ್ಬಿನ ಸೀಸನ್ನಿನ ರಾತ್ರಿ, ಮೂರಕ್ಕೂ ಆಫ್. ದೀಪವಿಲ್ಲದ ಕಬ್ಬಿನ ಟ್ರೇಲರ್ ಕಾಣುವ ಹೊತ್ತಿಗೆ ಕೈ ಗ್ರಿಪ್ ಮೇಲೇ ಇರಬೇಕು.

ಮೊದಲ ರಸ್ತೆ ಪರೀಕ್ಷೆಯನ್ನು ಬೆಳಗ್ಗೆ ಬೇಗ, ಖಾಲಿ ಇರುವ ನೇರ ರಸ್ತೆಯಲ್ಲಿ ಮಾಡಿ, 60ರಲ್ಲಿ. ಹಿಡಿಯುತ್ತದಾ ಅಂತ ನೋಡುವುದು ಕೊನೆಗೆ. ಸೆಟ್ ಮಾಡಿ ಮುಂದಿನ ಬ್ರೇಕ್ ತಾಗಿಸಿ, ಬಿಡಬೇಕು. ಮತ್ತೆ ಸೆಟ್ ಮಾಡಿ ಹಿಂದಿನ ಬ್ರೇಕ್. ಮತ್ತೆ ಸೆಟ್ ಮಾಡಿ ಕ್ಲಚ್. ಮತ್ತೆ ಆಫ್ ಬಟನ್. ಇವುಗಳಲ್ಲಿ ಒಂದು ತಪ್ಪಿದರೂ ಸ್ವಿಚ್ ಆಫ್ ಮಾಡಿ ವಾಪಸ್ ಬನ್ನಿ, ಬಲ್ಬ್ ಹಾಕಿದ ಮೇಲೆ ಮೀಟರಿನಲ್ಲಿ ಎಷ್ಟು ಓಮ್ಸ್ ಬಂತು, ಎಷ್ಟು ವೋಲ್ಟ್ ಬಂತು ಅಂತ ಬರೆಯಿರಿ, ಮುಂದಕ್ಕೆ ನೋಡೋಣ.