ಅಮ್ಮನಿಗೊಂದು ಸುಳ್ಳು, ಕಚೇರಿಗೊಂದು ಸುಳ್ಳು

ಪ್ರಶ್ನೆ: ನನಗೆ 31 ವರ್ಷ, ಅವಿವಾಹಿತೆ. ಊರು ಸಾಗರದ ಬಳಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಪೂರ್ತಿ ಮನೆಯಿಂದಲೇ. ಕೈಗೆ ಬರುವ ಸಂಬಳ ತಿಂಗಳಿಗೆ 1 ಲಕ್ಷ 10 ಸಾವಿರ. ಬಾಡಿಗೆಗೇ 26 ಸಾವಿರ ಹೋಗುತ್ತದೆ. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಅದಕ್ಕೂ ಮುಂಚಿನ ಮೂರು ವರ್ಷ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಓಡಾಡಿದವಳು ನಾನೇ. ಅಮ್ಮ ಊರಿನಲ್ಲಿ ಒಬ್ಬರೇ ಇದ್ದಾರೆ. ಅಡಿಕೆ ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದೇವೆ. ಗೆಳತಿಯೊಬ್ಬಳು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿದ್ದುಕೊಂಡು ಕೆಲಸ ಮಾಡುತ್ತಾಳೆ. ‘ತಿಂಗಳಿಗೆ 45 ಸಾವಿರದಲ್ಲಿ ನೆಮ್ಮದಿಯಾಗಿದ್ದೇನೆ, ಬಂದುಬಿಡು’ ಎನ್ನುತ್ತಾಳೆ. ಒಂದು ವರ್ಷ ಇದ್ದು ಬಂದರೆ ಹಣವೂ ಉಳಿಯುತ್ತದೆ. ಕೇಳಿದರೆ ಕಚೇರಿ ಒಪ್ಪುವುದಿಲ್ಲ. ಹಾಗಾಗಿ ಊರಿನಲ್ಲಿ ಅಮ್ಮನ ಜೊತೆ ಇದ್ದೇನೆ ಎಂದು ಕಚೇರಿಗೆ ಹೇಳುವುದು, ಕಂಪನಿಯೇ ಕಳುಹಿಸುತ್ತಿದೆ ಎಂದು ಅಮ್ಮನಿಗೆ ಹೇಳುವುದು ಎಂದುಕೊಂಡಿದ್ದೇನೆ. ಬ್ಯಾಂಕಿನಲ್ಲಿ 16 ಲಕ್ಷ ಇದೆ. ನಾನು ಮಾಡುತ್ತಿರುವುದು ತಪ್ಪೇ?
– ಹೆಸರು ಬೇಡ

ಉತ್ತರ: ನಿಮ್ಮ ಕಂಪನಿಯ ದಾಖಲೆಯಲ್ಲಿ ತುರ್ತು ಸಂಪರ್ಕಕ್ಕೆಂದು ಯಾರ ಫೋನ್ ನಂಬರ್ ಕೊಟ್ಟಿದ್ದೀರಿ? ಅಮ್ಮನದ್ದೇ ಇರಬೇಕು. ಒಂದು ದಿನ ಇಂಟರ್ನೆಟ್ ಕೈಕೊಟ್ಟು ನೀವು ಅರ್ಧ ದಿನ ಸಿಗದೆ ಹೋದರೆ ಕಚೇರಿಯವರು ಆ ನಂಬರಿಗೇ ಫೋನ್ ಮಾಡುತ್ತಾರೆ. ‘ಮಗಳು ಮನೆಯಲ್ಲಿದ್ದಾರಾ?’ ಎಂದು ಅವರು ಕೇಳುತ್ತಾರೆ. ‘ನೀವೇ ಅಲ್ಲವೇ ಅವಳನ್ನು ಕಳುಹಿಸಿದ್ದು?’ ಎಂದು ಅಮ್ಮ ಕೇಳುತ್ತಾರೆ. ನಿಮ್ಮ ಪತ್ರ ಓದುವಾಗ ನನ್ನ ಕಿವಿಗೆ ಬಿದ್ದದ್ದು ಈ ಮಾತುಕತೆ. ಆ ಹೊತ್ತಿನಲ್ಲಿ ಕಂಗಾಲಾಗುವವರು ನೀವಲ್ಲ, ನಿಮ್ಮ ಅಮ್ಮ.

ನನ್ನ ಅಕ್ಕನ ಮಗ ಇದೇ ಚಿಯಾಂಗ್ ಮಾಯ್‌ನಲ್ಲಿ ಕಚೇರಿಗೆ ಹೇಳದೆ ಇದ್ದವನು. ಒಂದು ಡಿಸೆಂಬರಿನಲ್ಲಿ ನಾನು ಹೋಗಿ ಅವನ ಜೊತೆ ಎಂಟು ದಿನ ಇದ್ದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನಲ್ಲಿ ಆಗ ನಾಲ್ಕೂವರೆಯೂ ಆಗಿರುವುದಿಲ್ಲ. ಹಾಗಾಗಿ ಅವನು ದಿನವೂ ಸಂಜೆ ಐದೂವರೆಗೆ ಕುರ್ಚಿಯಿಂದ ಎದ್ದು ಪರದೆ ಎಳೆಯುತ್ತಿದ್ದ. ಪರದೆಯ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಮೇಜಿನ ದೀಪ ಇಟ್ಟು ಹೊತ್ತಿಸುತ್ತಿದ್ದ. ವಿಡಿಯೊ ಮೀಟಿಂಗಿನಲ್ಲಿ ಅದು ಹಗಲಿನ ಬೆಳಕಿನಂತೆ ಕಾಣಬೇಕು. ಕಿಟಕಿಯ ಆಚೆ ದೊಯ್ ಸುಥೆಪ್ ಬೆಟ್ಟ, ಅದರ ಮೇಲೆ ದೇವಾಲಯದ ದೀಪಗಳು. ರಾತ್ರಿ ಎಂಟೂವರೆಗೆ, ಅಂದರೆ ನಮ್ಮ ಏಳಕ್ಕೆ, ಲ್ಯಾಪ್‌ಟಾಪ್ ಮುಚ್ಚಿದ ಮೇಲಷ್ಟೇ ಅವನು ಆ ಕಡೆ ನೋಡುತ್ತಿದ್ದ. ಯಾರೂ ಅವನನ್ನು ಹಿಡಿಯಲಿಲ್ಲ. ನಾಲ್ಕನೆಯ ತಿಂಗಳು ತಾನೇ ಸಾಕಾಗಿ ಗಂಟುಮೂಟೆ ಕಟ್ಟಿದ. ಅಷ್ಟು ದೂರ ಹೋಗಿ ಪರದೆ ಎಳೆದುಕೊಂಡು ಕುಳಿತ ಆ ಹುಡುಗನನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಹಣದ ಮಾತು. ಗೆಳತಿ ಸುಳ್ಳು ಹೇಳುತ್ತಿಲ್ಲ, ಆದರೆ ಒಳ್ಳೆಯ ತಿಂಗಳ ಲೆಕ್ಕವನ್ನು ಮಾತ್ರ ಹೇಳುತ್ತಿದ್ದಾಳೆ. ಥಾಯ್ಲೆಂಡಿನ ಹಣವಾದ ಬಾತ್‌ನ ಬೆಲೆ ಎರಡೂವರೆಯಿಂದ ಮೂರು ರೂಪಾಯಿ ನಡುವೆ ಓಡಾಡುತ್ತದೆ. ಒಬ್ಬರಿಗೆ ಸಾಕಾಗುವ ಓರಣವಾದ ಕೋಣೆಗೆ 10 ಸಾವಿರ ಬಾತ್ ಎಂದುಕೊಳ್ಳಿ. ಅಲ್ಲಿಗೆ ನಿಮ್ಮ ಬೆಂಗಳೂರಿನ ಬಾಡಿಗೆಯೇ ಆಯಿತು. ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ ಮುಂಗಡ ಕೊಡಬೇಕು. ಕರೆಂಟಿಗೆ ಎಷ್ಟೋ ಮಾಲೀಕರು ಸರ್ಕಾರಿ ದರಕ್ಕಿಂತ ಹೆಚ್ಚು, ಯೂನಿಟ್ಟಿಗೆ ಏಳೆಂಟು ಬಾತ್ ಹಾಕುತ್ತಾರೆ. ಇದರ ಮೇಲೆ ವಿಮಾನ, ವೀಸಾ, ಆರೋಗ್ಯ ವಿಮೆ, ನಮ್ಮ ಕಾರ್ಡ್ ಉಜ್ಜಿದಾಗಲೆಲ್ಲ ಬ್ಯಾಂಕ್ ಮುರಿದುಕೊಳ್ಳುವ ಶೇಕಡ 3ರಷ್ಟು ಹಣ. ಗೆಳತಿ ಹೇಳಿರಲಾರದ ಇನ್ನೊಂದಿದೆ: ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ, ಕಾಡುಗಳಿಗೆ ಬೆಂಕಿ ಬೀಳುತ್ತದೆ. ಊರು ಬಟ್ಟಲಿನಂಥ ಕಣಿವೆಯಲ್ಲಿರುವುದರಿಂದ ಹೊಗೆ ಅಲ್ಲೇ ಕುಳಿತುಬಿಡುತ್ತದೆ. ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಆಗ ಮೇಲೆಯೇ ಇರುತ್ತದೆ. ಬಲ್ಲವರು ಆ ತಿಂಗಳುಗಳಲ್ಲಿ ದಕ್ಷಿಣದ ದ್ವೀಪಗಳಿಗೆ ಹೊರಟುಬಿಡುತ್ತಾರೆ. ಆಗ ಬಾಡಿಗೆ ಎರಡು ಕಡೆ.

ಹಣ ಉಳಿಸುವುದೇ ಗುರಿಯಾಗಿದ್ದರೆ ಸಾಗರದ ಮನೆಗಿಂತ ಅಗ್ಗದ ಊರು ಎಲ್ಲೂ ಸಿಗದು. ಅದು ನಿಮಗೂ ಗೊತ್ತಿದೆ. ಹಾಗಾದರೆ ಪತ್ರದ ತುಂಬ ಹಣದ ಲೆಕ್ಕ ಏಕೆ ಬರೆದಿರಿ? ನನಗೆ ತೋಚುವುದು ಇಷ್ಟು. ಮೂರು ವರ್ಷ ಬೇರೆಯವರ ಔಷಧಿಯ ಹೊತ್ತು, ಬೇರೆಯವರ ಊಟದ ಹೊತ್ತು ನೋಡಿಕೊಂಡು ಬದುಕಿದ ಮಗಳಿಗೆ ‘ನನಗೆ ಹೋಗಬೇಕು ಅನ್ನಿಸಿದೆ’ ಎಂದು ಹೇಳಲು ನಾಲಿಗೆ ಏಳುತ್ತಿಲ್ಲ. ಅದಕ್ಕೊಂದು ಒಪ್ಪುವಂಥ ಕಾರಣ ಬೇಕಾಗಿದೆ, ಆ ಕಾರಣ ಉಳಿತಾಯವಾಗಿದೆ. ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ನೀವು ಹೋಗಬೇಕು ಎಂದೇ ನನ್ನ ಅಭಿಪ್ರಾಯ.

ಆದರೆ ಬಾಗಿಲಿನಿಂದ ಹೋಗಿ. 2024ರ ಜುಲೈನಲ್ಲಿ ಥಾಯ್ಲೆಂಡ್ ನಿಮ್ಮಂಥವರಿಗೆಂದೇ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’ ತಂದಿದೆ. ಐದು ವರ್ಷ ಚಾಲ್ತಿ, ಪ್ರತಿ ಸಲ ಹೋದಾಗ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್ ಇದೆ ಎಂದು ತೋರಿಸಬೇಕು, ಅಂದರೆ ಹನ್ನೆರಡೂವರೆಯಿಂದ 15 ಲಕ್ಷ ರೂಪಾಯಿ. ಅದು ಖರ್ಚಾಗುವ ಹಣವಲ್ಲ, ಮತ್ತು ನಿಮ್ಮಲ್ಲಿ ಅಷ್ಟು ಇದೆ. (ಮಲೇಷ್ಯಾದಲ್ಲೂ ಇಂಥ ಪಾಸ್ ಇದೆ, ಆದರೆ ಐಟಿಯವರಿಗೆ ವರ್ಷಕ್ಕೆ 24 ಸಾವಿರ ಡಾಲರ್ ಆದಾಯ ಕೇಳುತ್ತಾರೆ, ನಿಮ್ಮ ಸಂಬಳ ಅಲ್ಲಿಗೆ ಮುಟ್ಟುವುದಿಲ್ಲ.) ಥಾಯ್ಲೆಂಡಿನ ಈ ವೀಸಾದ ಅರ್ಜಿಗೆ ಉದ್ಯೋಗದ ಪುರಾವೆ ಬೇಕು, ಹೊರಗಿನಿಂದ ಕೆಲಸ ಮಾಡಬಹುದು ಎಂಬ ಕಂಪನಿಯ ಪತ್ರ ಬೇಕು. ಕಚೇರಿಗೆ ಹೇಳದೆ ಹೋಗುವ ದಾರಿ ಅಲ್ಲಿಗೇ ಮುಚ್ಚಿತು. ಉಳಿಯುವುದು ಪ್ರವಾಸಿಯೆಂದು ಹೇಳಿಕೊಂಡು ಒಳಗೆ ಹೋಗಿ, ದಿನ ಮುಗಿದಾಗ ಗಡಿ ದಾಟಿ ಮತ್ತೆ ಬರುವುದು. ಎರಡನೆಯ ಸಲವೋ ಮೂರನೆಯ ಸಲವೋ ಅಧಿಕಾರಿ ‘ನೀವು ಪ್ರವಾಸಿಯಲ್ಲ’ ಎಂದು ವಾಪಸ್ ಕಳುಹಿಸಿದರೆ ನಿಮ್ಮ ಬಟ್ಟೆಬರೆ ಕೋಣೆಯಲ್ಲೇ ಉಳಿಯುತ್ತವೆ.

ಕಂಪನಿ ಒಪ್ಪುವುದಿಲ್ಲ ಎಂದು ಕೇಳದೆಯೇ ತೀರ್ಮಾನ ಮಾಡಿದ್ದೀರಿ. ಅವರಿಗೆ ಎರಡು ಭಯ: ಗ್ರಾಹಕರ ಮಾಹಿತಿ ದೇಶದ ಹೊರಗೆ ತೆರೆದುಕೊಳ್ಳುತ್ತದೆ ಎಂಬುದು ಒಂದು, ತಮ್ಮ ನೌಕರರು ಅಲ್ಲೇ ಬಹುಕಾಲ ಕುಳಿತರೆ ಆ ದೇಶದ ತೆರಿಗೆ ಇಲಾಖೆ ತಮ್ಮ ಬಾಗಿಲಿಗೂ ಬರಬಹುದು ಎಂಬುದು ಇನ್ನೊಂದು. ಒಂದು ವರ್ಷ ಎಂದರೆ ಎರಡೂ ದೊಡ್ಡದಾಗುತ್ತವೆ. ಮೂರು ತಿಂಗಳು ಎಂದು ಕೇಳಿ. ಒಂದು ವರ್ಷದಲ್ಲಿ 180 ದಿನ ತುಂಬಿದರೆ ಮಾತ್ರ ಥಾಯ್ಲೆಂಡ್ ನಿಮ್ಮನ್ನು ತೆರಿಗೆಯ ಲೆಕ್ಕಕ್ಕೆ ತನ್ನ ನಿವಾಸಿ ಎಂದು ನೋಡುತ್ತದೆ. ನೀವು ಅದರ ಅರ್ಧದಲ್ಲೇ ಹಿಂದಿರುಗುತ್ತೀರಿ. ಮೇಲಧಿಕಾರಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ದಿನಾಂಕ, ಕೆಲಸದ ಹೊತ್ತು, ಕಚೇರಿಯ ಲ್ಯಾಪ್‌ಟಾಪ್ ಎಲ್ಲಿರುತ್ತದೆ ಎಂಬುದನ್ನೆಲ್ಲ ಬರೆದುಕೊಡಿ. ಆಗುವುದಿಲ್ಲ ಎಂದರೆ ಮೂರು ವಾರ ರಜೆ ಹಾಕಿ ಹೋಗಿ ಬನ್ನಿ; ಹೊರದೇಶದಿಂದ ಕೆಲಸ ಮಾಡಲು ಬಿಡುವ ಕಂಪನಿಯನ್ನು ಬಂದ ಮೇಲೆ ಹುಡುಕಿ. ಇಲ್ಲಿಯ ಸಿಮ್ ಅನ್ನು ಮಾತ್ರ ರೀಚಾರ್ಜ್ ಮಾಡಿಸಿ ಜೀವಂತ ಇಟ್ಟುಕೊಳ್ಳಿ. ಒಟಿಪಿ ಬರದಿದ್ದರೆ ನಿಮ್ಮ ಹಣ ನಿಮಗೇ ಸಿಗುವುದಿಲ್ಲ. ಬೈಕಿನ ಲೈಸೆನ್ಸ್ ಇಲ್ಲದೆ ಅಲ್ಲಿ ಸ್ಕೂಟರ್ ಹತ್ತಲೇಬೇಡಿ. ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ.

ಈಗ ಅಮ್ಮ. ನವೆಂಬರಿನಿಂದ ಜನವರಿ ಅಲ್ಲಿಯ ತಂಪು ಕಾಲ, ಹೊಗೆ ಇನ್ನೂ ಬಂದಿರುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ತೋಟ ಚೇಣಿಗೆ ಹೋಗಿರುವುದರಿಂದ ಅಮ್ಮನಿಗೆ ಸುಲಿಯುವ, ಬೇಯಿಸುವ ಕೆಲಸವಿಲ್ಲ. ಆದರೆ ಅಕ್ಕಪಕ್ಕದ ಮನೆಗಳಲ್ಲೆಲ್ಲ ಜನ ತುಂಬಿ ರಾತ್ರಿಯವರೆಗೂ ಅಡಿಕೆ ಸುಲಿಯುತ್ತಿರುವಾಗ ತಮ್ಮ ಅಂಗಳ ಖಾಲಿ ಬಿದ್ದಿರುವುದು ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಆಗಲೇ. ‘ಕಂಪನಿ ಕಳುಹಿಸಿತು’ ಎಂದರೆ ಅವರು ಕಂಪನಿಯನ್ನು ಶಪಿಸಿ ಸುಮ್ಮನಾಗಬಹುದು. ‘ನನಗೇ ಹೋಗಬೇಕು ಅನ್ನಿಸಿದೆ ಅಮ್ಮ’ ಎಂದರೆ ಎರಡು ದಿನ ಮಾತು ಬಿಡಬಹುದು. ಆ ಎರಡು ದಿನವನ್ನು ತಾಳಿಕೊಳ್ಳಿ. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಅಡುಗೆಮನೆಯಲ್ಲಿ ಪಕ್ಕದಲ್ಲಿ ಕುಳಿತು ಹೇಳಿ.

ಜೊತೆಗೆ ಅವರಿಗೂ ಒಂದು ಪಾಸ್‌ಪೋರ್ಟ್ ಮಾಡಿಸಿ. ಬೆಂಗಳೂರಿನಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆ. ಸಾಗರದಿಂದ ಬೆಂಗಳೂರಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತಾರೆ. ಊಟದ ಚಿಂತೆ ಅವರಿಗೆ ಮೊದಲು ಬರುತ್ತದೆ, ನ್ಯಾಯವೇ. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ‘ಜೇ’ ಅಂಗಡಿಗಳನ್ನು ಹುಡುಕಿ. ಅಲ್ಲಿಯ ಅಡುಗೆಗೆ ಮೀನು, ಮೊಟ್ಟೆ ಇರಲಿ, ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ವ್ರತದ ದಿನವೂ ಅಮ್ಮ ಉಣ್ಣಬಹುದು. ಅಡಿಕೆಗೆ ಅಲ್ಲಿಯವರು ‘ಮಾಕ್’ ಎನ್ನುತ್ತಾರೆ, ಹಳೆಯ ತಲೆಮಾರಿನವರು ನಮ್ಮಂತೆಯೇ ಎಲೆ ಸುಣ್ಣ ಹಚ್ಚಿ ಹಾಕಿಕೊಂಡವರು. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಯ ಹನ್ನೊಂದೂವರೆಗೆ. ಅಲ್ಲಿಯವರೆಗೆ ಬೆಳಗ್ಗೆಯೆಲ್ಲ ನಿಮ್ಮದೇ. ಅಮ್ಮನನ್ನು ವಾರೊರೊಟ್ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಅಲ್ಲಿಯ ಹೂವಿನ ಅಂಗಡಿಗಳ ಮುಂದೆ ಅವರು ಎಷ್ಟು ಹೊತ್ತು ನಿಂತರೂ ಅವಸರಪಡಿಸಬೇಡಿ.