ತಾತನ ಸನ್ನೆಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಹುಟ್ಟಿನಿಂದ ಕಿವಿ ಕೇಳದಿದ್ದ ನಮ್ಮ ತಾತ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಮುಂದಿನ ತಿಂಗಳು ವರ್ಷದ ತಿಥಿ. ಮನೆಯಲ್ಲಿ ಬಳಸುತ್ತಿದ್ದ ಅವರ ಸನ್ನೆಗಳನ್ನು ದಾಖಲಿಸಬೇಕು. ಅಂದು ಅವರ ಕಿವುಡ ಗೆಳೆಯರೂ ಬರುತ್ತಾರೆ. ಏನೇನು ಸಿದ್ಧತೆ ಬೇಕು?
— ಓದುಗರು, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಮನೆಯ ಸನ್ನೆಗಳು ಭಾರತೀಯ ಸಂಜ್ಞಾ ಭಾಷೆಯ ನಿಘಂಟಿನಲ್ಲಿ ಸಿಗುವುದಿಲ್ಲ, ಬಳಸಿದವರ ಕೈಯಲ್ಲೇ ಇರುತ್ತವೆ. ಹಾಗಾಗಿ ಅಜ್ಜಿ ಇದ್ದರೆ ಈ ವಾರವೇ ಅವರಿಂದ ಶುರು ಮಾಡಿ. ಬರೆದಿಟ್ಟರೆ ಸಾಲದು, ವಿಡಿಯೊ ಬೇಕು. ಮೊಬೈಲನ್ನು ಅಡ್ಡವಾಗಿ ಸ್ಟ್ಯಾಂಡಿಗೆ ಹಾಕಿ, ತಲೆಯ ಮೇಲೆ ಒಂದು ಗೇಣು ಜಾಗ ಬಿಟ್ಟು ಸೊಂಟದವರೆಗೆ, ಎರಡೂ ಮೊಣಕೈ ಕಾಣುವಂತೆ ಹಿಡಿಯಿರಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಹುಬ್ಬು, ತುಟಿ ಕಾಣದಿದ್ದರೆ ‘ಬಂದರು’ ಎಂಬುದೂ ‘ಬಂದರಾ?’ ಎಂಬುದೂ ಒಂದೇ ಆಗಿಬಿಡಬಹುದು. ಅಚ್ಚಿನ ಸೀರೆ ಬೇಡ, ಕೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣ ಸಾಕು.

ಪ್ರತಿ ಸನ್ನೆಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಎಂದಿನ ವೇಗದಲ್ಲಿ ಮಾಡಿಸಿ. ಮನೆಯವರಿಗೆ ತಾತ ಇಟ್ಟಿದ್ದ ಸನ್ನೆ-ಹೆಸರುಗಳು ಮೊದಲು. ಆಮೇಲೆ ಕಸುಬಿನವು: ಗೂಡು, ಎಳೆ ಕಡಿಯಿತು, ನೀರು ಕಾಯಲಿಲ್ಲ. ಇವನ್ನು ಜೊತೆಗೆ ಕೆಲಸ ಮಾಡಿದವರೇ ಚೆನ್ನಾಗಿ ತೋರಿಸಬಲ್ಲರು. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಇಲ್ಲವಾದರೆ ಬೆರಳುಗಳು ಮಸುಕಾಗುತ್ತವೆ.

ತಿಥಿಯ ದಿನ ಸಂಜ್ಞಾ ಭಾಷಾ ದುಭಾಷಿಯನ್ನು ಕರೆಸಿ. ದುಃಖದಲ್ಲಿರುವ ಮೊಮ್ಮಕ್ಕಳ ಮೇಲೆ ಆ ಕೆಲಸ ಹೊರಿಸಬೇಡಿ. ಮಾತು ಒಂದು ಗಂಟೆ ದಾಟುವುದಾದರೆ ಇಬ್ಬರು ಬೇಕು. ಮಾತನಾಡುವವರ ಪಕ್ಕದಲ್ಲೇ ಅವರನ್ನು ನಿಲ್ಲಿಸಿ, ಗೆಳೆಯರಿಗೆ ಎದುರಿಗೆ ಅರ್ಧವೃತ್ತದಲ್ಲಿ ಕುರ್ಚಿ ಹಾಕಿ. ಅವರೂ ತಾತನ ಬಗ್ಗೆ ಹೇಳಲಿ, ದುಭಾಷಿ ಅದನ್ನು ಕನ್ನಡದಲ್ಲಿ ನುಡಿಯಲಿ. ನಿಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಅವರ ಬಳಿ ಇರುತ್ತದೆ.